ದಾಖಲೆಗೂ ಒಂದು ಕೋಡಿ

ಕುಣಿಗಲ್ ಕೆರೆಯ ಸೊಬಗು ಜನಪದರ ಹಾಡಿನಲ್ಲಿ ನೆಲೆ ಪಡೆದಿದೆ. ಕೆರೆಯೆಂದರೆ ಬರಿಯ ನೀರಲ್ಲ. ಏರಿಯು ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಅದನ್ನು ಗದ್ದೆಗೆ ಹರಿಸುತ್ತದೆ. ಮಿಕ್ಕುದನ್ನು ಕೋಡಿಯು ಹೊರಗೆ ಬಿಡುತ್ತದೆ. ಕೋಡಿಯಿಲ್ಲದ ಕೆರೆ ಊರಿಗೆ ಆಸರೆಯಾಗದೆ ಅಪಾಯವೇ ಆದೀತು. ಸರ್ಕಾರವು ಪ್ರಜೆಗಳಿಂದ ಸಂಗ್ರಹಿಸುವ ಮಾಹಿತಿಗೂ ಈ ಮಾತು ಸಲ್ಲುತ್ತದೆ.

ರಾಜ್ಯವು ದಾಖಲೆಗಳನ್ನು ಇಡುವುದು ತಪ್ಪಲ್ಲ. ಗುಬ್ಬಿಯ ರೈತನ ಪಹಣಿ ಭದ್ರವಾಗಿದ್ದರೆ ಅವನ ಜಮೀನೂ ಭದ್ರ. ತುಮಕೂರಿನ ಬಡ ಬಾಲಕನಿಗೆ ವಿದ್ಯಾರ್ಥಿವೇತನ ತಲಪಬೇಕಾದರೆ ಅವನ ಹೆಸರು, ವಿಳಾಸಗಳು ತಿಳಿದಿರಲೇಬೇಕು. ಆದರೆ ಎಲ್ಲ ದಾಖಲೆಗಳ ಆಯುಷ್ಯವೂ ಒಂದೇ ಅಲ್ಲ. ಪಹಣಿಯು ತಲೆಮಾರುಗಳವರೆಗೆ ಉಳಿಯಬೇಕಾದುದು. ಗೃಹಿಣಿಯೊಬ್ಬಳು ಯಾವ ದಿನ, ಯಾವ ಹೊತ್ತಿನಲ್ಲಿ ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತಿ ತನ್ನ ಗುರುತನ್ನು ತೋರಿದಳೆಂಬುದು ಹಾಗಲ್ಲ. ಇಂತಹ ಬಿಡಿ ಸಂಗತಿಗಳನ್ನು ವರ್ಷಗಟ್ಟಲೆ ಕೂಡಿಸಿಟ್ಟರೆ ಆಕೆಯ ದಿನಚರಿಯೇ ಪರರ ಕೈಸೇರುತ್ತದೆ.

ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಪ್ರಮುಖರು. ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿಯಿತಾದರೂ, ಗುರುತು ದೃಢಪಡಿಸಿದ ವಿವರಗಳನ್ನು ಐದು ವರ್ಷ ಕಾಪಿಡುವ ನಿಯಮವನ್ನು ರದ್ದುಗೊಳಿಸಿ, ಆರು ತಿಂಗಳ ಮಿತಿಯನ್ನು ವಿಧಿಸಿತು. ಕೆರೆ ಉಳಿಯಿತು, ಅದಕ್ಕೊಂದು ಕೋಡಿ ದೊರೆಯಿತು.

ಅಪರಾಧಿಗಳನ್ನು ಹಿಡಿಯಲು ಹಳೆಯ ದಾಖಲೆ ಬೇಕೆಂಬ ವಾದವಿದೆ. ಯಾರು ಯಾರಿಗೆ ಯಾವಾಗ ಕರೆ ಮಾಡಿದರೆಂಬ ವಿವರವನ್ನು ದೂರವಾಣಿ ಕಂಪನಿಗಳು ಕನಿಷ್ಠ ಎರಡು ವರ್ಷ ಇರಿಸಬೇಕೆಂದು ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ ವಿಧಿಸಿದುದು ಭದ್ರತೆಯ ದೃಷ್ಟಿಯಿಂದಲೇ. ಈ ವಾದವನ್ನು ಅಲ್ಲಗಳೆಯಲಾಗದು. ಆದರೆ ಕೆಲವರ ತಪ್ಪನ್ನು ಹುಡುಕಲು ಎಲ್ಲರ ವಿವರವನ್ನೂ ಕೂಡಿಡುವಾಗ ಕನಿಷ್ಠ ಅವಧಿಯನ್ನು ಹೇಳಿದರೆ ಸಾಲದು, ಗರಿಷ್ಠ ಅವಧಿಯನ್ನೂ ಹೇಳಬೇಕು. ತಪ್ಪು ಮಾಡದವನಿಗೆ ಅಂಜಿಕೆಯೇಕೆಂದು ಕೇಳುವವರುಂಟು. ಮನೆಗೆ ಬಾಗಿಲಿಟ್ಟವನನ್ನು ಯಾರೂ ಕಳ್ಳನೆನ್ನುವುದಿಲ್ಲವಷ್ಟೆ!

ಆದುದರಿಂದ ಯಾವ ಮಾಹಿತಿ ಬೇಕು, ಏತಕ್ಕೆ ಬೇಕು, ಎಷ್ಟು ಕಾಲ ಬೇಕು ಎಂಬ ಮೂರನ್ನೂ ಕಾನೂನು ಸ್ಪಷ್ಟವಾಗಿ ನುಡಿಯಬೇಕು. ದಾಖಲೆಯನ್ನು ಜೋಪಾನವಾಗಿಡುವುದು ಆಡಳಿತದ ಕರ್ತವ್ಯ. ಅವಧಿ ತೀರಿದೊಡನೆ ಅದನ್ನು ಅಳಿಸುವುದೂ ಅಷ್ಟೇ ದೊಡ್ಡ ಕರ್ತವ್ಯ.