ಅಪ್ಪ ಹೇಳಿದ್ದೇ ಸರಿಯಿತ್ತು

ಗಣೇಶ ಹಬ್ಬಕ್ಕೆ ಶಿವಮೊಗ್ಗದ ಮನೆಗೆ ಹೋದವಳು, ಎರಡು ದಿನ ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂತ ಆಫೀಸಿನಲ್ಲಿ ಹೇಳಿದ್ದೆ. ಸೋಮವಾರ 10 ಗಂಟೆಗೆ ಮೀಟಿಂಗ್. ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದರೆ ವೈಫೈ ಸಿಗ್ನಲ್ ಪೂರ್ತಿ ಇದೆ, ಇಂಟರ್‌ನೆಟ್ ಮಾತ್ರ ಇಲ್ಲ!

ಅಪ್ಪ ಪೇಪರ್ ಮಡಚಿಟ್ಟು ಬಂದರು. “ನನ್ನ ಫೋನಲ್ಲಿ ಬರ್ತಿದೆಯಲ್ಲೇ ಪುಟ್ಟಿ.”

“ನಿಂಗೆ ಇದೆಲ್ಲ ಗೊತ್ತಾಗಲ್ಲ ಅಪ್ಪಾ, ಸ್ವಲ್ಪ ಸುಮ್ನಿರು.”

ಅವರು ಸುಮ್ಮನಾದರು. ನಾನು ರೂಟರನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಸರಿಹೋಗಲಿಲ್ಲ. ಅದರ ಹಿಂದೆ ಒಂದು ಸಣ್ಣ ತೂತು ಇರುತ್ತಲ್ಲ, ಅಮ್ಮನ ಪಿನ್ನು ತಗೊಂಡು ಅದನ್ನೇ ಒತ್ತಿ ಹಿಡಿದೆ. ಅದು ರೀಸೆಟ್. ಆಫ್ ಮಾಡಿ ಆನ್ ಮಾಡೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಕಂಪನಿಯವರು ಹಾಕಿಟ್ಟಿದ್ದ ಲಾಗಿನ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಯ್ತು. ಈಗ ಅಪ್ಪನ ಫೋನಲ್ಲೂ ನೆಟ್ ಇಲ್ಲ.

ಮೀಟಿಂಗನ್ನು ಫೋನಿನಲ್ಲೇ ಹೇಗೋ ಮುಗಿಸಿದೆ. ಸಂಜೆ ಏಳಕ್ಕೆ ಅಪ್ಪ ದಿನಾ ಅಕ್ಕನ ಮಗುವಿಗೆ ವಿಡಿಯೊ ಕಾಲ್ ಮಾಡ್ತಾರೆ. “ನನ್ನ ಫೋನಿಂದ ಮಾಡೋಣ” ಅಂದೆ. “ಇರ್ಲಿ ಬಿಡು, ನಾಳೆ ಮಾಡಿದ್ರಾಯ್ತು” ಅಂದು ಜಗಲಿಯಲ್ಲಿ ಹೋಗಿ ಕೂತರು.

ಮರುದಿನ ಬಂದ ಹುಡುಗ ಲಾಗಿನ್ ಹಾಕಿದ. ಅಪ್ಪನ ಫೋನಲ್ಲಿ ನೆಟ್ ಬಂತು, ನನ್ನ ಲ್ಯಾಪ್‌ಟಾಪಿನಲ್ಲಿ ಬರಲಿಲ್ಲ. “ಫೋನಲ್ಲಿ ಬರ್ತಿದೆ ಅಂದ್ರೆ ನಿಮ್ಮ ಲ್ಯಾಪ್‌ಟಾಪ್‌ದೇ ತೊಂದ್ರೆ ಮೇಡಂ” ಅಂದ. ಅವನ ಮಾತನ್ನು ತಕ್ಷಣ ಒಪ್ಪಿಕೊಂಡೆ. ಅಪ್ಪ ಹೇಳಿದ್ದೂ ಅದೇ ಅಲ್ವಾ?

ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿದೆ. ಐಪಿ ಅಡ್ರೆಸ್ 192.168.0.50. ಮನೆಯ ರೂಟರ್ ಅಡ್ರೆಸ್ 192.168.1.1. ಅಂದರೆ ನಮ್ಮ ಬೀದಿಯಲ್ಲಿ ನಿಂತು ಪಕ್ಕದ ಬೀದಿಯ ಮನೆ ನಂಬರ್ ಹೇಳಿದ ಹಾಗೆ. ತಿಂಗಳ ಹಿಂದೆ ಬೆಂಗಳೂರಿನ ಪಿಜಿಯಲ್ಲಿ ನೆಟ್ ಕೈಕೊಟ್ಟಾಗ ಗೆಳತಿಯೊಬ್ಬಳು ಈ ನಂಬರನ್ನು ಕೈಯಾರೆ ಹಾಕಿಕೊಟ್ಟಿದ್ದಳು. ಅಲ್ಲಿ ನಡೀತಿತ್ತು, ಇಲ್ಲಿ ನಡೆಯಲಿಲ್ಲ. ವೈಫೈ ಸೆಟ್ಟಿಂಗ್ಸ್‌ನಲ್ಲಿ ‘ಐಪಿ ಅಸೈನ್‌ಮೆಂಟ್’ ಅನ್ನು ‘ಮ್ಯಾನುಯಲ್’ನಿಂದ ‘ಆಟೋಮ್ಯಾಟಿಕ್’ಗೆ ಬದಲಿಸಿದೆ. ಒಂದೇ ನಿಮಿಷದ ಕೆಲಸ!

ನಿಮಗೂ ಹೀಗಾದರೆ ಮೊದಲು ಇನ್ನೊಂದು ಫೋನನ್ನು ಅದೇ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ ನೋಡಿ.

ಫೋನಲ್ಲಿ ಬಂದರೆ ರೂಟರ್ ಮುಟ್ಟಬೇಡಿ, ಲ್ಯಾಪ್‌ಟಾಪ್ ನೋಡಿ. ಏರೋಪ್ಲೇನ್ ಮೋಡ್, ವಿಪಿಎನ್, ಐಪಿ ಸೆಟ್ಟಿಂಗ್ ಪರೀಕ್ಷಿಸಿ. ಅಡ್ರೆಸ್ 169.254 ಅಂತ ಶುರುವಾದರೆ ರೂಟರಿನಿಂದ ನಂಬರ್ ಸಿಕ್ಕಿಲ್ಲ ಅಂತ ಅರ್ಥ. ಆ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ.

ಯಾವುದರಲ್ಲೂ ಬರದಿದ್ದರೆ ರೂಟರಿನ ದೀಪ ನೋಡಿ. ಫೈಬರ್ ಕನೆಕ್ಷನ್ನಿನಲ್ಲಿ ‘ಎಲ್‌ಒಎಸ್’ ಕೆಂಪಗಿದ್ದರೆ ತೊಂದರೆ ಲೈನಿನದು, ಕಂಪನಿಗೆ ಫೋನ್ ಮಾಡಿ.

ರೂಟರ್ ಹತ್ತಿರ ಚೆನ್ನಾಗಿದ್ದು ರೂಮಿನಲ್ಲಿ ಮಾತ್ರ ನಿಧಾನವಾದರೆ 2.4 ಗಿಗಾಹರ್ಟ್ಸ್‌ಗೆ ಬದಲಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟೋದು ಕಷ್ಟ.

ಆ ಸಂಜೆ ಅಪ್ಪ ಕೇಳಿದರು: “ಸರಿಹೋಯ್ತಾ?”

“ಹೂಂ ಅಪ್ಪ. ತಪ್ಪು ನಂದೇ.”

“ಅದೇ ಅಂದೆನಲ್ಲ” ಅಂದವರೇ ಏಳು ಗಂಟೆಯ ಕಾಲ್ ಮಾಡಲು ಹೊರಟರು. ಬೆಂಗಳೂರಿಗೆ ಬಸ್ ಹತ್ತುವ ಮೊದಲು ರೂಟರಿನ ಲಾಗಿನ್, ಪಾಸ್‌ವರ್ಡ್ ಎರಡನ್ನೂ ಅವರ ಡೈರಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟೆ.