ಉಡುಪಿನ ಅಳತೆ ಸಾಲದು

ಕಲೆ, ಜಾಹೀರಾತುಗಳಲ್ಲಿ ಹೆಣ್ಣಿನ ಚಿತ್ರಣ ಹೇಗಿರಬೇಕೆಂಬ ಚರ್ಚೆ ಎದ್ದಾಗಲೆಲ್ಲ ಅದು ಉಡುಪಿನ ಸುತ್ತಲೇ ಗಿರಕಿ ಹೊಡೆಯುತ್ತದೆ. 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆಯ ಗಮನವೂ ಮುಖ್ಯವಾಗಿ ಅಸಭ್ಯತೆಯ ಮೇಲೆಯೇ. ಆದರೆ ಮೈತುಂಬ ಸೆರಗು ಹೊದ್ದವಳು ಗಂಡನ ಅಂಗಿಯ ಕಲೆ ಹೋಯಿತೆಂದು ಧನ್ಯಳಾಗಿ ನಗುವ ಜಾಹೀರಾತು ಈ ಜರಡಿಯಲ್ಲಿ ಸಲೀಸಾಗಿ ಪಾರಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಚಿತ್ರದ ಹೆಣ್ಣಿಗೆ ತನ್ನದೆಂಬ ಇಚ್ಛೆ, ನಿರ್ಧಾರ ಇದೆಯೇ, ಅಥವಾ ಅವಳಿರುವುದು ಇನ್ನೊಬ್ಬರ ಕಣ್ಣಿಗೆ, ಇನ್ನೊಂದು ಸರಕಿಗೆ ಒಪ್ಪವಾಗಿ ಮಾತ್ರವೇ?

ಈ ಪ್ರಶ್ನೆ ಪಶ್ಚಿಮದಿಂದ ತಂದ ಎರವಲು ಎನ್ನುವವರು ಕಡೂರಿನ ಶಾಸನವನ್ನು ನೋಡಬೇಕು. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು, 30 ವರ್ಷ ತಪಸ್ಸು ಮಾಡಿ, 971ರಲ್ಲಿ ದೇಹ ಬಿಟ್ಟಳೆಂದು ಅದು ದಾಖಲಿಸುತ್ತದೆ. ಅರಮನೆಯ ಹೆಣ್ಣನ್ನು ಅವಳ ರೂಪಕ್ಕಲ್ಲ, ಅವಳು ತೊಟ್ಟ ಸಂಕಲ್ಪಕ್ಕಾಗಿ ಕಲ್ಲು ನೆನೆಯುತ್ತದೆ. ತರೀಕೆರೆ ಬಳಿಯ ಅಮೃತಪುರದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ 140 ಫಲಕಗಳಿವೆ. ಅಲ್ಲಿ ಹೆಣ್ಣು ಆಭರಣ ತೊಟ್ಟಿದ್ದರೂ ಕಥೆಯ ಪಾತ್ರ. ಅವಳನ್ನು ತೆಗೆದರೆ ಕಥೆಯೇ ನಿಲ್ಲುತ್ತದೆ. ಹಾಗೆಂದು ಹಿಂದಿನದೆಲ್ಲ ಬಂಗಾರದ ಕಾಲವೆಂದರೆ ಅದು ಆತ್ಮವಂಚನೆ. ಬೇಲೂರಿನ ಮದನಿಕೆಯರಲ್ಲಿ ಬೇಟೆಗೆ ಹೊರಟವಳು ಇದ್ದಾಳೆ, ನಿಜ. ಆದರೂ ಆ ಸಾಲು ಮೊದಲಿಗೆ ಚೆಲುವಿನ ಪ್ರದರ್ಶನವೇ. ಇನ್ನು ಮಾಸ್ತಿಕಲ್ಲು ಸತಿ ಹೋದವಳನ್ನು ಎಷ್ಟೋ ಕಡೆ ಬಳೆ ತೊಟ್ಟ ಒಂದು ತೋಳಿಗೆ ಇಳಿಸಿಬಿಟ್ಟಿತು. ಪರಂಪರೆಯಲ್ಲಿ ಎರಡೂ ಇವೆ. ಯಾವುದನ್ನು ಮುಂದುವರಿಸುತ್ತೇವೆ ಎಂಬ ಹೊಣೆ ನಮ್ಮದು.

ಜಾಹೀರಾತಿನ ಕೆಲಸ ಮಾರುವುದು, ಸಮಾಜ ತಿದ್ದುವುದಲ್ಲ ಎಂಬ ಆಕ್ಷೇಪ ಬರುತ್ತದೆ. ಒಪ್ಪೋಣ. ಆದರೆ ಮಾರುವವರು ಸರಕಿನ ಜೊತೆಗೆ ಕೀಳರಿಮೆಯನ್ನೂ ಮಾರಿದ್ದಾರೆ. ಕಪ್ಪು ಬಣ್ಣವನ್ನು ಕೊರತೆಯೆಂದು ದಶಕಗಳ ಕಾಲ ಬಿಂಬಿಸಿದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿದ್ದು ವಿರೋಧದ ದನಿ ಜೋರಾದ ಮೇಲೆ. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ₹6.2 ಕೋಟಿ ಕೊಟ್ಟು ತಮನ್ನಾ ಭಾಟಿಯಾರನ್ನು ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿ ಏಕಲ್ಲ ಎಂದು ನಾಡು ಗದ್ದಲ ಮಾಡಿತು. ಶತಮಾನ ದಾಟಿದ, ಗಂಧದ ಎಣ್ಣೆಯಿಂದಲೇ ಹೆಸರಾದ ಸಾಬೂನಿಗೆ ನಟಿಯ ಮುಖವೇ ಏಕೆ ಬೇಕೆಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿತು. ಹೀಗೆ ಪ್ರಶ್ನಿಸುವುದು ಕಲಾವಿದರ ಸ್ವಾತಂತ್ರ್ಯಕ್ಕೆ ಕಡಿವಾಣವಲ್ಲವೇ ಎಂದರೆ, ಇಲ್ಲಿ ಯಾರೂ ನಿಷೇಧ ಕೇಳುತ್ತಿಲ್ಲ. ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಮಂಡಳಿಯೇ 2022ರಲ್ಲಿ ಲಿಂಗಾಧಾರಿತ ಸಿದ್ಧಮಾದರಿಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ನೋಡುಗರ ಪ್ರಶ್ನೆಯೂ ಸ್ವಾತಂತ್ರ್ಯದ ಭಾಗವೇ.

ಬದಲಾವಣೆ ಮುಂಬೈನ ಏಜೆನ್ಸಿಗಳಿಂದಲೇ ಬರಬೇಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಅಂಗಡಿ ಬೋರ್ಡು, ಫ್ಲೆಕ್ಸುಗಳಲ್ಲಿ ಯಾವ ಚಿತ್ರ ಇರಬೇಕೆಂದು ತೀರ್ಮಾನಿಸುವವರು ಇಲ್ಲಿನ ವರ್ತಕರೇ. ಅಡಿಕೆ ಸುಲಿಯುವ, ಕಳೆ ಕೀಳುವ, ಸಂಘದ ಲೆಕ್ಕ ಬರೆಯುವ ಹೆಣ್ಣುಮಕ್ಕಳೇ ಅವರ ಗಿರಾಕಿಗಳು. ಗೊಬ್ಬರದ ಚೀಲದ ಪಕ್ಕ, ಬ್ಯಾಂಕಿನ ಸಾಲದ ಪ್ರಕಟಣೆಯಲ್ಲಿ ಅವರನ್ನು ಕೃಷಿಕರಾಗಿ, ತೀರ್ಮಾನ ಮಾಡುವವರಾಗಿ ತೋರಿಸಲು ಯಾವ ಕಾಯ್ದೆಯೂ ಬೇಡ. ಹಾಗೆ ತೋರಿಸಿ ಎಂದು ಗಿರಾಕಿಗಳು ಕೇಳಬೇಕು, ವರ್ತಕರು ಕಿವಿಗೊಡಬೇಕು.