ಅರಫಾನ ಬಾಟಲಿ ಯಾರ ಕೈಗೆ ಹೋಯಿತು?

ನಜೀಬ್ ಮಹ್‌ಫೂಝ್ ಅವರ ‘ಔಲಾದ್ ಹಾರತಿನಾ’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದು ಉಪ್ಪನ ಅಂಗಡಿಯಲ್ಲಿ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಕಂಡ ಗೆಳೆಯನೊಬ್ಬ, “ವಿಜ್ಞಾನ ದೇವರನ್ನು ಕೊಲ್ಲುವ ಕಥೆಯಲ್ವಾ ಅದು? ನಿನಗ್ಯಾಕೆ ಮಾರಾಯ?” ಎಂದ. ಅವನು ಓದಿರಲಿಲ್ಲ.

1959ರಲ್ಲಿ ಕೈರೋದ ‘ಅಲ್ ಅಹ್ರಾಮ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ ಇದು. ಅಲ್ ಅಝ್‌ಹರ್‌ನ ವಿದ್ವಾಂಸರು ವಿರೋಧಿಸಿದರು. ಪುಸ್ತಕವಾಗಿ ಬಂದದ್ದು 1967ರಲ್ಲಿ, ಅದೂ ಬೈರೂತ್‌ನಲ್ಲಿ. ಈಜಿಪ್ಟಿನಲ್ಲಿ ಪುಸ್ತಕವಾಗಲು 2006 ಬರಬೇಕಾಯಿತು.

ವಿರೋಧಿಸಿದವರೆಲ್ಲ ಮೂರ್ಖರು ಎನ್ನಲಾರೆ. ಓಣಿಯ ಹಿರಿಯಜ್ಜ ಜಬಲಾವಿ ಯಾರು, ಜಬಲ್, ರಿಫಾಅ, ಖಾಸಿಮ್ ಯಾವ ಪ್ರವಾದಿಗಳನ್ನು ನೆನಪಿಸುತ್ತಾರೆ ಎಂಬುದು ಮದ್ರಸದಲ್ಲಿ ಕಲಿತ ಯಾರಿಗೂ ಹೊಳೆಯುತ್ತದೆ. ನನಗೂ ಕೆಲವು ಪುಟಗಳಲ್ಲಿ ಮೈ ಮುಳ್ಳೆದ್ದಿತು. ಆದರೆ ಬೇಸರಕ್ಕೆ ಉತ್ತರ ಪೆನ್ನಿನಲ್ಲಿದೆ. 1994ರಲ್ಲಿ 82 ವರ್ಷದ ಆ ಮುದುಕನ ಕುತ್ತಿಗೆಗೆ ಚೂರಿ ಹಾಕಿದ ಯುವಕನೂ ಪುಸ್ತಕ ಓದಿದವನಲ್ಲ. ಬಲಗೈಯ ನರಕ್ಕೆ ಪೆಟ್ಟಾಗಿ ಮಹ್‌ಫೂಝ್ ಮತ್ತೆ ಮೊದಲಿನಂತೆ ಬರೆಯಲಾಗಲಿಲ್ಲ.

ಇನ್ನು ‘ದೇವರನ್ನು ಕೊಲ್ಲುವ’ ಮಾತು. ಕೊನೆಯ ಭಾಗದ ಅರಫಾ ನೆಲಮಾಳಿಗೆಯಲ್ಲಿ ಮದ್ದು ಅರೆಯುವ ಮಾಟಗಾರ, ವಿಜ್ಞಾನದ ಪ್ರತಿನಿಧಿ. ಅವನು ದೊಡ್ಡ ಮನೆಗೆ ನುಗ್ಗುವುದು ಅಜ್ಜನನ್ನು ಕೊಲ್ಲಲಿಕ್ಕಲ್ಲ, ವಕ್ಫಿನ ಷರತ್ತುಗಳಿರುವ ಪುಸ್ತಕ ನೋಡಲಿಕ್ಕೆ. ಗಾಬರಿಯಲ್ಲಿ ಒಬ್ಬ ಮುದಿ ಸೇವಕನ ಕತ್ತು ಹಿಸುಕುತ್ತಾನೆ. ಆ ಆಘಾತಕ್ಕೆ ಅಜ್ಜ ಸಾಯುತ್ತಾನೆ. ಆಮೇಲೆ ಸೇವಕಿಯೊಬ್ಬಳು ಬಂದು, ಅಜ್ಜ ನಿನ್ನ ಮೇಲೆ ಸಂತೃಪ್ತನಾಗಿಯೇ ತೀರಿಕೊಂಡ ಎನ್ನುತ್ತಾಳೆ. ಈ ಪುಟವನ್ನು ಎರಡೂ ಕಡೆಯವರು ಮರೆತೇ ಮಾತಾಡುತ್ತಾರೆ.

ನನಗೆ ಇದು ಮೊದಲಿನಿಂದ ಕೊನೆಯವರೆಗೂ ರಾಜಕೀಯ ಕಾದಂಬರಿ. ಓಣಿಯ ಜಗಳ ವಕ್ಫಿನ ಆದಾಯ ಯಾರಿಗೆ ಎಂಬುದರ ಮೇಲೆ. ಜಬಲ್, ಖಾಸಿಮ್‌ರಂಥವರು ಬಂದು ನ್ಯಾಯವಾಗಿ ಹಂಚುತ್ತಾರೆ, ಅವರು ಹೋದ ಮೇಲೆ ನಾಝಿರನೂ ಅವನ ರೌಡಿಗಳೂ ಮತ್ತೆ ನುಂಗುತ್ತಾರೆ. ಅರಫಾ ಸಿಡಿಯುವ ಬಾಟಲಿ ತಯಾರಿಸಿದಾಗ ನಾಝಿರ್ ಅದನ್ನೂ ತನ್ನ ಕೆಲಸಕ್ಕೆ ಹಚ್ಚುತ್ತಾನೆ. ರೌಡಿಗಳನ್ನು ಮುಗಿಸಿಕೊಳ್ಳುತ್ತಾನೆ, ಕೊನೆಗೆ ಅರಫಾನನ್ನೇ ಹೆಂಡತಿ ಸಮೇತ ಜೀವಂತ ಹೂಳಿಸುತ್ತಾನೆ. ಕಥೆ ಹೇಳಿದಾಗ ಉಪ್ಪ ದೇವರ ವಿಷಯ ಎತ್ತಲೇ ಇಲ್ಲ. “ಆ ವಕ್ಫಿನ ಲೆಕ್ಕ ಕೊನೆಗೆ ಯಾರಾದರೂ ಕೇಳಿದರಾ?” ಎಂದರು. ಅಂಗಡಿ ನಡೆಸುವವರ ಪ್ರಶ್ನೆ. ವಿಮರ್ಶಕರು ಇದನ್ನು ಇನ್ನಷ್ಟು ಕೇಳಬೇಕಿತ್ತು.

ನನ್ನ ತಕರಾರು ಬೇರೆ ಕಡೆ ಇದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಅರಫಾನಲ್ಲಿ ವಿಜ್ಞಾನ ಕಾಣುವುದೇ ಕಷ್ಟ. ವರ್ಕ್‌ಶಾಪಿನಲ್ಲಿ ನಮಗೆ ಮೊದಲು ಕಲಿಸಿದ್ದು ಅಳೆಯುವುದು, ತಪ್ಪಿದರೆ ಮತ್ತೆ ಅಳೆಯುವುದು. ಮಹ್‌ಫೂಝ್ ತೋರಿಸುವುದು ಮದ್ದು, ಬಾಟಲಿ, ಸ್ಫೋಟ. ಓಣಿಗೆ ಒಂದು ನೀರಿನ ಪಂಪನ್ನಾದರೂ ಆ ಮನುಷ್ಯನ ಕೈಯಿಂದ ಮಾಡಿಸಬಹುದಿತ್ತು. ಹಿರೋಶಿಮಾ ಆಗಿ 14 ವರ್ಷಕ್ಕೆ ಬಂದ ಪುಸ್ತಕವಲ್ಲವೇ, ಬಾಟಲಿಯೇ ಕಣ್ಣಿಗೆ ಕಂಡಿರಬೇಕು.

ಅರಫಾನ ಜೊತೆಗಾರ ಹನಶ್ ತಪ್ಪಿಸಿಕೊಳ್ಳುತ್ತಾನೆ. ಅವನ ಕೈಗೆ ಅರಫಾನ ಟಿಪ್ಪಣಿ ಪುಸ್ತಕ ಸಿಕ್ಕಿದೆ ಎಂಬ ಸುದ್ದಿ ಹರಡಿ, ಓಣಿಯ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾಗತೊಡಗುತ್ತಾರೆ.

ಪುಸ್ತಕ ಈಗ ಆ ಗೆಳೆಯನ ಬಳಿ ಇದೆ. ಬೈದುಕೊಂಡೇ ತೆಗೆದುಕೊಂಡು ಹೋಗಿದ್ದಾನೆ, ಎರಡು ತಿಂಗಳಾಯಿತು, ಇನ್ನೂ ವಾಪಸು ಕೊಟ್ಟಿಲ್ಲ.